ವಿಂಡೋಸ್ ಬಿಡುವ ಮೊದಲು ಪ್ರಿಂಟರ್ ಹೆಸರು ನೋಡಿ: ಮೊದಲ ಲಿನಕ್ಸ್ ಆರಿಸಿಕೊಳ್ಳೋದು ಹೇಗೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಒಂದು ಓಣಿಯಲ್ಲಿ ನನ್ನ ಡಿಟಿಪಿ ಅಂಗಡಿ ಇದೆ. ಟೈಪಿಂಗ್, ಪ್ರಿಂಟ್, ಲ್ಯಾಮಿನೇಶನ್, ಬಿಡುವಿದ್ದಾಗ ಕಂಪ್ಯೂಟರ್ ರಿಪೇರಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಗಿನಿಂದ ಅಂಗಡಿಯಲ್ಲಿ ಒಂದೇ ಪ್ರಶ್ನೆ: "ಅಕ್ಕಾ, ಲಿನಕ್ಸ್ ಅಂತಾರಲ್ರಿ, ಅದ್ರಾಗ ಯಾವ್ದು ಚಲೋ ಅದ?"

ನಾನು ಹೆಸರು ಹೇಳೋದಿಲ್ಲ. "ನಿಮ್ಮ ಪ್ರಿಂಟರ್ ಯಾವುದ್ರಿ?" ಅಂತ ತಿರುಗಿ ಕೇಳುತ್ತೇನೆ. ಕೆಲವರಿಗೆ ಸಿಟ್ಟೇ ಬರುತ್ತದೆ. ಆದರೆ ಡಿಸ್ಟ್ರೊ ಆರಿಸೋದು ಕೊನೆಯ ಕೆಲಸ. ನಿಮ್ಮ ಕೆಲಸ ಏನು, ಯಂತ್ರ ಎಂಥದ್ದು, ಇಂಟರ್ನೆಟ್ ಎಷ್ಟಿದೆ ಅನ್ನೋದು ಮೊದಲು ಗೊತ್ತಾಗಬೇಕು. ಆಮೇಲೆ ಎರಡು ಮೂರು ಹೆಸರಿಗಿಂತ ಜಾಸ್ತಿ ಉಳಿಯೋದೇ ಇಲ್ಲ.

ಡಿಸ್ಟ್ರೊ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಒಂದು ಮಾತು. ಲಿನಕ್ಸ್ ಅನ್ನೋದು ಒಳಗಿನ ಕರ್ನಲ್ ಮಾತ್ರ, ಅಂದರೆ ಯಂತ್ರವನ್ನು ನಡೆಸುವ ತಿರುಳು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಶುರು ಮಾಡಿದ್ದು. ಅದರ ಮೇಲೆ ಡೆಸ್ಕ್‌ಟಾಪ್ (ಪರದೆ ಮೇಲೆ ಕಾಣುವ ಮೆನು, ಕಿಟಕಿಗಳ ರೂಪ), ಬ್ರೌಸರ್, ಆಫೀಸ್, ಸೆಟ್ಟಿಂಗ್ಸ್ ಎಲ್ಲ ಜೋಡಿಸಿ ಬೇರೆ ಬೇರೆ ತಂಡದವರು ಬೇರೆ ಬೇರೆ ಹೆಸರಿನಲ್ಲಿ ಕೊಡುತ್ತಾರೆ. ಮಿಂಟ್, ಉಬುಂಟು, ಫೆಡೋರಾ ಎಲ್ಲ ಅಂಥವೇ.

ಮೊದಲು ಒಂದು ಹಾಳೆ ತಗೊಳ್ಳಿ

ಹೋದ ವಾರ ಕಂಪ್ಯೂಟರ್‌ನಲ್ಲಿ ಏನೇನು ತೆರೆದಿರಿ ಅಂತ ಬರೆಯಿರಿ. "ಎಲ್ಲಾ ಮಾಡ್ತೀನ್ರಿ" ಅನ್ನುವವರ ಪಟ್ಟಿಯೂ ನಾಲ್ಕೈದು ಸಾಲಿಗೆ ಮುಗಿಯುತ್ತದೆ. ಕ್ರೋಮ್, ಯೂಟ್ಯೂಬ್, ವಾಟ್ಸಾಪ್ ವೆಬ್, ವರ್ಡ್‌ನಲ್ಲಿ ಒಂದು ಅರ್ಜಿ, ಎಕ್ಸೆಲ್‌ನಲ್ಲಿ ಸ್ವಲ್ಪ ಲೆಕ್ಕ. ಇಷ್ಟೇ ಆದರೆ ಯಾವ ಲಿನಕ್ಸ್ ಹಾಕಿದರೂ ನಡೆಯುತ್ತದೆ. ಪಹಣಿ ನೋಡೋದು, ಸೇವಾ ಸಿಂಧು ಅರ್ಜಿ, ರೈಲ್ವೆ ಟಿಕೆಟ್ ಎಲ್ಲ ಬ್ರೌಸರ್‌ನಲ್ಲೇ ಆಗುವ ಕೆಲಸ. ವರ್ಡ್, ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್ ಬರುತ್ತದೆ. ಹಳೆಯ ಫೈಲ್ ತೆರೆಯುತ್ತದೆ. ಟೇಬಲ್ ಜಾಸ್ತಿ ಇರುವ ಫೈಲ್‌ನಲ್ಲಿ ಸಾಲು ಅತ್ತಿತ್ತ ಸರಿಯಬಹುದು, ಅದೊಂದು ನೋಡಿಕೊಳ್ಳಬೇಕು.

ಪಟ್ಟಿಯಲ್ಲಿ ಟ್ಯಾಲಿ ಇದ್ದರೆ ನಿಲ್ಲಿ. ನಮ್ಮೂರಲ್ಲಿ ದಾಲ್ ಮಿಲ್‌ನಿಂದ ಕಿರಾಣಿ ಅಂಗಡಿವರೆಗೆ ಲೆಕ್ಕ ಅಂದರೆ ಟ್ಯಾಲಿಯೇ. ಅದು ವಿಂಡೋಸ್‌ಗೆ ಮಾಡಿದ ಸಾಫ್ಟ್‌ವೇರ್. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ವೈನ್ ಅನ್ನೋದೊಂದಿದೆ, ನಿಜ. ಆದರೆ ಜಿಎಸ್‌ಟಿ ತುಂಬುವ ಕೊನೆ ದಿನ ಅದು ಕೈಕೊಟ್ಟರೆ ಯಾರನ್ನು ಕೇಳುತ್ತೀರಿ? ಫೋಟೋಶಾಪ್, ಕೋರೆಲ್ ಡ್ರಾ, ಪೇಜ್‌ಮೇಕರ್ ಮೇಲೆ ಹೊಟ್ಟೆ ಹೊರೆಯುವವರಿಗೂ ಇದೇ ಮಾತು. ಲಗ್ನಪತ್ರಿಕೆ ಮಾಡುವ ನನ್ನ ಯಂತ್ರದಲ್ಲಿ ಇವತ್ತಿಗೂ ವಿಂಡೋಸ್ ಇದೆ, ಇದರಲ್ಲಿ ನಾಚಿಕೆ ಏನೂ ಇಲ್ಲ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಆ ಕಂಪನಿ ಲಿನಕ್ಸ್ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಕೊಡುತ್ತದಾ ಅಂತ ಅವರ ಸೈಟ್‌ನಲ್ಲೇ ನೋಡಿಕೊಳ್ಳಿ. ಕೊಡದಿದ್ದರೆ ಆ ಒಂದು ಯಂತ್ರವನ್ನು ಹಾಗೇ ಬಿಡಿ, ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಿಂದ ಶುರು ಮಾಡಿ.

ಪ್ರಿಂಟರ್

ಈಗ ಪ್ರಿಂಟರ್ ಮೇಲೆ ಬರೆದ ನಂಬರ್ ಓದಿ. ನಮ್ಮ ಕಡೆ ಅಂಗಡಿಗಳಲ್ಲಿ ಎರಡು ಹಳೆಯ ಲೇಸರ್ ಪ್ರಿಂಟರ್ ಬಹಳ ಕಾಣುತ್ತವೆ: ಎಚ್‌ಪಿ ಲೇಸರ್‌ಜೆಟ್ 1020 ಮತ್ತು ಕ್ಯಾನನ್ ಎಲ್‌ಬಿಪಿ 2900.

ಎಚ್‌ಪಿ 1020 ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತದೆ. ಎಚ್‌ಪಿಲಿಪ್ ಅನ್ನುವ ಸಾಫ್ಟ್‌ವೇರ್ ಬೇಕು. ಜೊತೆಗೆ ಅದರ ಪ್ಲಗಿನ್ ಅನ್ನೂ ಇಳಿಸಿಕೊಳ್ಳಬೇಕು. ಪ್ಲಗಿನ್ ಹಾಕದೆ ಪ್ರಿಂಟ್ ಕೊಟ್ಟರೆ ಪ್ರಿಂಟರ್ ಸುಮ್ನೆ ಕೂತಿರುತ್ತದೆ. ಯಾಕಂದರೆ ಆನ್ ಮಾಡಿದಾಗಲೆಲ್ಲ ಅದಕ್ಕೆ ಫರ್ಮ್‌ವೇರ್, ಅಂದರೆ ಅದರ ಒಳಗಿನ ಪ್ರೋಗ್ರಾಂ, ಕಂಪ್ಯೂಟರ್‌ನಿಂದಲೇ ಹೋಗಬೇಕು. ಕ್ಯಾನನ್ 2900 ಸ್ವಲ್ಪ ತಲೆನೋವು. ಅದು ಕ್ಯಾಪ್ಟ್ ಅನ್ನುವ ತನ್ನದೇ ರೀತಿಯಲ್ಲಿ ಕೆಲಸ ಮಾಡುತ್ತದೆ, ಲಿನಕ್ಸ್ ಜೊತೆಗೇ ಬರುವ ಡ್ರೈವರ್‌ಗಳು ಅದಕ್ಕೆ ಸಾಲುವುದಿಲ್ಲ. ಬೇರೆ ಡ್ರೈವರ್ ತಂದು ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಕೂರಿಸಬೇಕು. ಹೊಸಬರಿಗೆ ಇದು ಮೊದಲ ದಿನದ ಕೆಲಸವಲ್ಲ. 2900 ಇಟ್ಟುಕೊಂಡವರಿಗೆ ನಾನು ನೇರವಾಗಿ ಹೇಳುತ್ತೇನೆ: ಪ್ರಿಂಟ್ ದಿನಾ ಬೇಕಿದ್ದರೆ ಮೊದಲು ಪ್ರಿಂಟರ್ ವಿಚಾರ ಮುಗಿಸಿ, ಆಮೇಲೆ ಲಿನಕ್ಸ್. ವೈಫೈ ಇರುವ ಈಚಿನ ಪ್ರಿಂಟರ್‌ಗಳಲ್ಲಿ ಈ ಗೋಳು ಕಡಿಮೆ. ಏರ್‌ಪ್ರಿಂಟ್ ಅಂತ ಬರೆದಿದ್ದರೆ ಬಹುಪಾಲು ಡ್ರೈವರ್ ಇಲ್ಲದೆಯೇ ನಡೆಯುತ್ತವೆ.

ಇಲ್ಲಿ ಗಮನಿಸಿ, ಇದು ಡಿಸ್ಟ್ರೊ ಬದಲಿಸಿದರೆ ಸರಿಹೋಗುವ ಸಮಸ್ಯೆ ಅಲ್ಲ. ಮಿಂಟ್‌ನಲ್ಲಿ ಪ್ರಿಂಟ್ ಬರಲಿಲ್ಲ ಅಂತ ಉಬುಂಟು, ಅದರಲ್ಲೂ ಬರಲಿಲ್ಲ ಅಂತ ಇನ್ನೊಂದು ಹಾಕಿ ದಿನಗಟ್ಟಲೆ ಕಳೆಯುವವರಿದ್ದಾರೆ.

ಕನ್ನಡ ಟೈಪಿಂಗ್

ನುಡಿ ಸಾಫ್ಟ್‌ವೇರ್‌ನಲ್ಲಿ ಕೈ ಕುದುರಿದವರಿಗೆ ದೊಡ್ಡ ಹೆದರಿಕೆ ಇದೇ. ಹೆದರಬೇಡಿ. ಅದೇ ಕಗಪ ಕೀಲಿ ವಿನ್ಯಾಸ ಲಿನಕ್ಸ್‌ನಲ್ಲೂ ಸಿಗುತ್ತದೆ. ಮಿಂಟ್‌ನಲ್ಲಾದರೆ ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಐಬಸ್-ಎಂ17ಎನ್ ಹುಡುಕಿ ಹಾಕಿಕೊಳ್ಳಿ. ಮೆನುವಿನ ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಆಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ, ಅದರೊಳಗೆ ಕೆಜಿಪಿ (ಅದೇ ಕಗಪ). ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷ್‌ನಿಂದ ಕನ್ನಡಕ್ಕೆ ಬರುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿ ನೋಡಿ. "ಕನ್ನಡ" ಅಂತ ಮೂಡಿದರೆ ನಿಮ್ಮ ಬೆರಳು ಏನನ್ನೂ ಮರೆಯಬೇಕಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯುವ ಅಭ್ಯಾಸ ಇದ್ದವರಿಗೆ ಅಲ್ಲೇ ಐಟ್ರಾನ್ಸ್ ಇದೆ.

ಆದರೆ ಹಳೆಯ ಫೈಲ್‌ಗಳ ಕಥೆ ಬೇರೆ. ನುಡಿಯ ಹಳೆಯ ಫಾಂಟ್‌ನಲ್ಲಿ ಹೊಡೆದ ದಾಖಲೆಗಳು ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣುತ್ತವೆ. ಫೈಲ್ ಹಾಳಾಯಿತು ಅಂತ ಜನ ಗಾಬರಿಯಾಗುತ್ತಾರೆ. ಏನೂ ಹಾಳಾಗಿರೋದಿಲ್ಲ. ವಿಂಡೋಸ್ ತೆಗೆಯುವ ಮೊದಲೇ ನುಡಿಯಲ್ಲಿರುವ ಕನ್ವರ್ಟರ್‌ನಿಂದ ಬೇಕಾದ ಫೈಲ್‌ಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ಎಲ್ಲವನ್ನೂ ಬದಲಿಸಲು ಪುರುಸೊತ್ತಿಲ್ಲ ಅಂದರೆ ಆ ಫಾಂಟ್ ಫೈಲ್‌ಗಳನ್ನು ಪೆನ್ ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಅವನ್ನು ತೆರೆದು ಇನ್‌ಸ್ಟಾಲ್ ಒತ್ತಿದರೆ ಹಳೆಯ ಪತ್ರ ಓದಲು, ಪ್ರಿಂಟ್ ತೆಗೆಯಲು ಸಾಕು.

ಯಂತ್ರ ಮತ್ತು ಡೇಟಾ

ರ‍್ಯಾಮ್ ಎಷ್ಟಿದೆ ನೋಡಿ. 8 ಜಿಬಿ ಇದ್ದರೆ ಯಾವುದಾದರೂ ಆಗಬಹುದು. 4 ಜಿಬಿ ಇದ್ದರೆ ಹಗುರವಾದ ಡೆಸ್ಕ್‌ಟಾಪ್ ಆರಿಸಿ. 2 ಜಿಬಿಯಲ್ಲಿ ಲಿನಕ್ಸ್ ಏಳುತ್ತದೆ, ಆದರೆ ಬ್ರೌಸರ್‌ನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಉಸಿರು ಕಟ್ಟುತ್ತದೆ. ತಪ್ಪು ಲಿನಕ್ಸ್‌ನದ್ದಲ್ಲ, ಇವತ್ತಿನ ವೆಬ್‌ಸೈಟ್‌ಗಳೇ ಅಷ್ಟು ಭಾರ. ಹಾರ್ಡ್ ಡಿಸ್ಕ್ ಇನ್ನೂ ತಿರುಗುವ ಹಳೆಯ ಮಾದರಿಯದ್ದಾಗಿದ್ದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ. ಡಿಸ್ಟ್ರೊ ಬದಲಿಸಿದರೆ ಸಿಗುವ ವೇಗಕ್ಕಿಂತ ಅದರಿಂದ ಸಿಗುವ ವೇಗ ಬಹಳ ಜಾಸ್ತಿ. ವಿಂಡೋಸ್ 11 ಬೇಡ ಅಂದ ಯಂತ್ರಗಳಲ್ಲಿ ಎಷ್ಟೋ ಚೆನ್ನಾಗೇ ಇವೆ. ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರಿನ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು ಅನ್ನುತ್ತದೆ ಅದು. ನಾಲ್ಕನೇ, ಐದನೇ ತಲೆಮಾರಿನ ಐ3 ಮೇಲೆ ಮಿಂಟ್ ಆರಾಮಾಗಿ ಓಡುತ್ತದೆ.

ಇನ್ನು ಡೇಟಾ. ಬ್ರಾಡ್‌ಬ್ಯಾಂಡ್ ಇರುವವರು ಬರೆದ ಸಲಹೆಗಳಲ್ಲಿ ಇದು ಇರೋದೇ ಇಲ್ಲ. ಜೇವರ್ಗಿ, ಆಳಂದ ಕಡೆಯಿಂದ ಬರುವವರಲ್ಲಿ ಬಹಳ ಜನ ಮೊಬೈಲ್ ಹಾಟ್‌ಸ್ಪಾಟ್ ಮೇಲೆಯೇ ಕಂಪ್ಯೂಟರ್ ನಡೆಸುತ್ತಾರೆ. ಮಿಂಟ್ ಹಾಕಲು ಇಳಿಸಿಕೊಳ್ಳುವ ಐಎಸ್‌ಒ ಫೈಲ್ ಸುಮಾರು 3 ಜಿಬಿ ಇರುತ್ತದೆ. ದಿನಕ್ಕೆ 1.5 ಜಿಬಿ ಪ್ಯಾಕ್‌ನಲ್ಲಿ ಒಂದೇ ದಿನಕ್ಕೆ ಇಳಿಯೋದಿಲ್ಲ. ಟೊರೆಂಟ್‌ನಿಂದ ಇಳಿಸಿ, ಅರ್ಧಕ್ಕೆ ನಿಂತರೂ ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಆಮೇಲಿನ ಅಪ್‌ಡೇಟ್ ಲೆಕ್ಕವೂ ಬೇಕು. ಆರ್ಚ್‌ನಂಥ ರೋಲಿಂಗ್ ಡಿಸ್ಟ್ರೊಗಳಿಗೆ ಹೊಸ ಪ್ಯಾಕೇಜ್ ಬರುತ್ತಲೇ ಇರುತ್ತವೆ, ಡೇಟಾ ಕರಗುತ್ತಲೇ ಇರುತ್ತದೆ. ಉಬುಂಟುವಿನ ಸ್ನ್ಯಾಪ್ ಪ್ಯಾಕೇಜ್‌ಗಳು ತಾವಾಗಿಯೇ ಅಪ್‌ಡೇಟ್ ಆಗುತ್ತವೆ. ಮಿಂಟ್ ಅಪ್‌ಡೇಟ್ ಬಂದಿದೆ ಅಂತ ತೋರಿಸುತ್ತದೆ, ಯಾವಾಗ ಇಳಿಸಬೇಕು ಅನ್ನೋದು ನಿಮ್ಮ ಕೈಯಲ್ಲಿ. ಹಾಟ್‌ಸ್ಪಾಟ್ ಮೇಲಿರುವವರಿಗೆ ನಾನು ಮಿಂಟ್ ಕೊಡಲು ಇದೂ ಒಂದು ಕಾರಣ.

ಈಗ ಹೆಸರುಗಳು

ಬಹುಪಾಲು ಜನರಿಗೆ ಲಿನಕ್ಸ್ ಮಿಂಟ್. ಕೆಳಗೆ ಎಡಗಡೆ ಮೆನು, ಕೆಳಗೇ ಟಾಸ್ಕ್‌ಬಾರ್, ಬಲಗಡೆ ಗಡಿಯಾರ. ಕೈ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗುತ್ತದೆ. ಮಿಂಟ್ 22 ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಡೆಸ್ಕ್‌ಟಾಪ್ ಪ್ರಕಾರ ಅದರಲ್ಲಿ ಮೂರು ಬಗೆ: ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ. 8 ಜಿಬಿಗೆ ಸಿನಮನ್, 4 ಜಿಬಿಗೆ ಎಕ್ಸ್‌ಎಫ್‌ಸಿಇ. ಮಾಟೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಕಣ್ಣಿಗೆ ಚಂದ ಇರಬೇಕು, ಬದಲಾವಣೆ ಕಂಡರೆ ಮನೆಯವರು ಗೊಣಗುತ್ತಾರೆ ಅನ್ನುವವರಿಗೆ ಜೋರಿನ್. ಐರ್ಲೆಂಡಿನವರು ಮಾಡಿದ್ದು, ಇದೂ ಉಬುಂಟು ಮೇಲೆ ನಿಂತಿದೆ. ವಿಂಡೋಸ್ ತರಹದ ರೂಪ ಒಂದು ಕ್ಲಿಕ್‌ನಲ್ಲಿ ಸಿಗುತ್ತದೆ. ಇಎಕ್ಸ್‌ಇ ಫೈಲ್ ಒತ್ತಿದರೆ "ಇದರ ಬದಲಿಗೆ ಇದು ಹಾಕಿಕೊಳ್ಳಿ" ಅಂತ ಎಷ್ಟೋ ಪ್ರೋಗ್ರಾಂಗಳಿಗೆ ಅದೇ ದಾರಿ ತೋರಿಸುತ್ತದೆ. ಹಣ ಕೊಡುವ ಪ್ರೊ ಆವೃತ್ತಿಯೂ ಇದೆ, ಅದು ಬೇಕಾಗಿಲ್ಲ. ಉಚಿತದ ಕೋರ್ ಸಾಕು.

ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಉಬುಂಟು ಹೇಳುತ್ತೇನೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್ ಆವೃತ್ತಿಯನ್ನೇ ತಗೊಳ್ಳಿ, 5 ವರ್ಷ ಚಿಂತೆ ಇಲ್ಲ. ಅದರ ರೂಪ ವಿಂಡೋಸ್ ತರಹ ಇಲ್ಲ, ಆದರೆ ಪ್ರೋಗ್ರಾಮಿಂಗ್ ಸಾಫ್ಟ್‌ವೇರ್‌ನವರು ಸೂಚನೆ ಬರೆಯುವಾಗ ಹೆಚ್ಚಾಗಿ ಉಬುಂಟುವನ್ನೇ ಮುಂದಿಟ್ಟುಕೊಂಡು ಬರೆಯುತ್ತಾರೆ. ಫೆಡೋರಾ ಒಳ್ಳೆಯದೇ, ಆದರೆ ಆರು ತಿಂಗಳಿಗೊಂದು ಹೊಸ ಆವೃತ್ತಿ, ಒಂದೊಂದಕ್ಕೆ ಸುಮಾರು 13 ತಿಂಗಳ ಬೆಂಬಲ. ಅದು ಎರಡನೇ ಲಿನಕ್ಸ್ ಆಗಲಿ.

ಮತ್ತೆ ಕಾಲಿ. ಸೇಡಂ ಕಡೆಯ ಒಬ್ಬ ಡಿಗ್ರಿ ಹುಡುಗ ಬಂದು, "ಅಕ್ಕಾ, ಕಾಲಿ ಲಿನಕ್ಸ್ ಹಾಕ್ರಿ, ಹ್ಯಾಕಿಂಗ್ ಕಲೀಬೇಕು" ಅಂದ. "ತಮ್ಮಾ, ವೈಫೈ ಬರ್ಲಿಲ್ಲಂದ್ರ ಸರಿ ಮಾಡ್ಲಿಕ್ಕೆ ಬರ್ತದೇನು ನಿನಗ?" ಅಂದೆ. ಬರೋದಿಲ್ಲ ಅಂದ. ಕಾಲಿ ಮಾಡುವವರೇ ಇದು ಲಿನಕ್ಸ್ ಗೊತ್ತಿಲ್ಲದವರಿಗಲ್ಲ ಅಂತ ಬರೆದಿದ್ದಾರೆ. ಅವನಿಗೆ ಉಬುಂಟು ಹಾಕಿಕೊಟ್ಟೆ.

ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ನಿಮ್ಮ ಓಣಿಯಲ್ಲಿ, ಕಾಲೇಜಿನಲ್ಲಿ, ಆಫೀಸಿನಲ್ಲಿ ಯಾರಾದರೂ ಬಳಸುತ್ತಿರುವುದನ್ನೇ ಹಾಕಿಕೊಳ್ಳಿ. ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ ಕೇಳಲು ಒಬ್ಬರಿದ್ದರೆ ಅದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲ.

ಹಾಕುವ ಮೊದಲು ಓಡಿಸಿ ನೋಡಿ

8 ಜಿಬಿ ಪೆನ್ ಡ್ರೈವ್ ಸಾಕು, ಅದರಲ್ಲಿರೋದೆಲ್ಲ ಅಳಿಸಿಹೋಗುತ್ತದೆ ಅನ್ನೋದು ನೆನಪಿರಲಿ. ವಿಂಡೋಸ್‌ನಲ್ಲಿ ರೂಫಸ್ ಅನ್ನುವ ಸಾಫ್ಟ್‌ವೇರ್ ತೆರೆದು ಐಎಸ್‌ಒ ಫೈಲನ್ನು ಪೆನ್ ಡ್ರೈವ್‌ಗೆ ಬರೆಯಿರಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ. ಪೆನ್ ಡ್ರೈವ್ ಆರಿಸಿ. ಡಿಸ್ಕ್ ಮುಟ್ಟದೆ ಲಿನಕ್ಸ್ ಏಳುತ್ತದೆ. ಇದನ್ನು ಲೈವ್ ಅನ್ನುತ್ತಾರೆ.

ಇಲ್ಲಿ ವಾಲ್‌ಪೇಪರ್ ನೋಡುತ್ತಾ ಕೂರಬೇಡಿ. ವೈಫೈ ಹಿಡಿಯುತ್ತದಾ? ಯೂಟ್ಯೂಬ್‌ನಲ್ಲಿ ಶಬ್ದ ಬರುತ್ತದಾ? ಕ್ಯಾಮೆರಾ ಕಾಣುತ್ತದಾ? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಎಚ್ಚರವಾಗುತ್ತದಾ? ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯಿರಿ. ವೈಫೈ ಕಾಣದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಹಾಕಿ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆದರೆ ಕೆಲವು ವೈಫೈ ಕಾರ್ಡ್‌ಗಳ ಡ್ರೈವರ್ ಅಲ್ಲೇ ಸಿಗುತ್ತದೆ. ಪೆನ್ ಡ್ರೈವ್‌ನಿಂದ ಓಡುವಾಗ ನಿಧಾನ ಇರುತ್ತದೆ, ಅದನ್ನು ನೋಡಿ ತೀರ್ಪು ಕೊಡಬೇಡಿ.

ಮನಸ್ಸಿಗೆ ಬಂದರೆ ಹಾಕಿ. ಅದಕ್ಕೂ ಮೊದಲು ಫೋಟೋ, ಪಿಡಿಎಫ್, ಟ್ಯಾಲಿ ಬ್ಯಾಕಪ್ ಎಲ್ಲ ಬೇರೆ ಡಿಸ್ಕ್‌ಗೆ ಹಾಕಿಕೊಳ್ಳಿ. ವಿಂಡೋಸ್ ಜೊತೆಗೇ ಲಿನಕ್ಸ್ ಇಟ್ಟುಕೊಳ್ಳುವವರು ಎರಡು ವಿಷಯ ನೋಡಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ವಿಂಡೋಸ್ ಬೀಗ ಹಾಕಿಕೊಂಡು ಕೂರಬಹುದು. ವಿಂಡೋಸ್ ಸೆಟ್ಟಿಂಗ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್ ಡ್ರೈವ್‌ಗೆ ಫೈಲ್ ಬರೆಯಲು ತಕರಾರು ಬರುತ್ತದೆ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆದರೆ ನಮ್ಮ ಬೇಸಿಗೆಯ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಬೇಡಿ. ಪಾರ್ಟಿಶನ್ (ಡಿಸ್ಕ್‌ನ ಭಾಗಗಳು) ಬದಲಾಗುವ ಹೊತ್ತಿಗೇ ಕರೆಂಟ್ ಹೋದರೆ ಡೇಟಾ ಕೈಗೆ ಸಿಗದೇ ಹೋಗಬಹುದು.

ಹಾಕಿದ ದಿನವೇ ಟೈಮ್‌ಶಿಫ್ಟ್ ತೆರೆದು ಒಂದು ಸ್ನ್ಯಾಪ್‌ಶಾಟ್ ತೆಗೆದಿಡಿ. ಮಿಂಟ್‌ನಲ್ಲಿ ಅದು ಮೊದಲೇ ಇರುತ್ತದೆ. ಮುಂದೆ ಯಾವುದೋ ಅಪ್‌ಡೇಟ್‌ನಿಂದ ಸಿಸ್ಟಮ್ ಕೆಟ್ಟರೆ ಆ ದಿನಕ್ಕೆ ವಾಪಸ್ ಹೋಗಬಹುದು. ನಿಮ್ಮ ಫೋಟೋ, ದಾಖಲೆ ಅದರಲ್ಲಿ ಸೇರಿರೋದಿಲ್ಲ, ಅವಕ್ಕೆ ಬೇರೆ ಬ್ಯಾಕಪ್ ಬೇಕು.