ಶಿಬಿರದ ಮೊದಲ ಸಂಜೆ ಆಟ ಆಡಿಸೋದು ಹೇಗೆ?

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ವಿಶೇಷ ಶಿಬಿರ ಅಂದರೆ 7 ದಿನ. ಸುಮಾರು 50 ಜನ ಬ್ಯಾಗು, ತಟ್ಟೆ, ಲೋಟ ಹಿಡಿದುಕೊಂಡು ಯಾವುದೋ ಊರಿನ ಶಾಲೆಗೆ ಬಂದಿಳಿಯುತ್ತಾರೆ. ಒಂದೇ ಕಾಲೇಜು ನಿಜ, ಆದರೆ ಬಿಕಾಂನವರಿಗೆ ಬಿಎಸ್ಸಿಯವರ ಹೆಸರು ಗೊತ್ತಿರುವುದಿಲ್ಲ. ಹುಡುಗಿಯರು ಒಂದು ಕಡೆ, ಹುಡುಗರು ಇನ್ನೊಂದು ಕಡೆ. ಮಾರನೇ ದಿನ ಬೆಳಿಗ್ಗೆ ಇವರೇ ಸೇರಿ ಚರಂಡಿ ಕ್ಲೀನ್ ಮಾಡಬೇಕು, ತರಕಾರಿ ಹೆಚ್ಚಬೇಕು. ಆಗ ಶಿಬಿರಾಧಿಕಾರಿಗಳು ಸೀನಿಯರ್ ಒಬ್ಬರನ್ನು ಕರೆದು "ಏನಾದ್ರೂ ಆಟ ಆಡಿಸಪ್ಪ" ಅನ್ನುತ್ತಾರೆ. ಆ ಸೀನಿಯರ್ ನೀವೇ ಅಂದುಕೊಳ್ಳಿ.

ಒಬ್ಬೊಬ್ಬರನ್ನೇ ಎದ್ದು ನಿಲ್ಲಿಸಿ ಪರಿಚಯ ಹೇಳಿಸಬೇಡಿ. ತಲಾ ಅರ್ಧ ನಿಮಿಷ ಅಂದರೂ 25 ನಿಮಿಷ ಹೋಯಿತು, ಅಷ್ಟೂ ಹೊತ್ತು ಪ್ರತಿಯೊಬ್ಬರೂ ಮನಸ್ಸಿನಲ್ಲೇ ತಮ್ಮ ಸರದಿಗೆ ತಯಾರಿ ಮಾಡಿಕೊಳ್ಳುತ್ತಿರುತ್ತಾರೆಯೇ ಹೊರತು ಪಕ್ಕದವರ ಹೆಸರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಮೊದಲು ಎಲ್ಲರೂ ಒಟ್ಟಿಗೆ ಆಡುವ ಆಟ, ಆಮೇಲೆ ಇಬ್ಬಿಬ್ಬರು, ಆಮೇಲೆ ಸಣ್ಣ ಗುಂಪು. ಒಬ್ಬರೇ ಎಲ್ಲರ ಮುಂದೆ ಬಾಯಿ ಬಿಡುವುದು ಕೊನೆಗೆ, ಅದೂ ಇಷ್ಟ ಇದ್ದವರು ಮಾತ್ರ. ಈ ಕ್ರಮ ತಲೆಕೆಳಗಾದರೆ ಎಂಥ ಒಳ್ಳೆಯ ಆಟವೂ ಮುಗ್ಗರಿಸುತ್ತದೆ.

ಶುರುವಿಗೆ ಕೆರೆ-ದಡದಷ್ಟು ಸುಲಭದ್ದು ಇನ್ನೊಂದಿಲ್ಲ. ಸುಣ್ಣದ ಪುಡಿಯಲ್ಲೋ ರಂಗೋಲಿ ಪುಡಿಯಲ್ಲೋ ಒಂದು ದೊಡ್ಡ ಸುತ್ತು ಎಳೆಯಿರಿ. ಒಳಗೆ ಕೆರೆ, ಹೊರಗೆ ದಡ. ನೀವು ಕೂಗಿದ ಕಡೆಗೆ ಎಲ್ಲರೂ ಹಾರಬೇಕು. ಎಲ್ಲರೂ ಚಿಕ್ಕಂದಿನಲ್ಲಿ ಆಡಿದವರೇ, ನಿಯಮ ವಿವರಿಸುವ ತಾಪತ್ರಯ ಇಲ್ಲ. ಸ್ವಲ್ಪ ವೇಗ ಹಿಡಿದ ಮೇಲೆ ಬಾಯಲ್ಲಿ "ದಡ" ಅನ್ನುತ್ತಾ ನೀವೇ ಕೆರೆಗೆ ಹಾರಿ ನೋಡಿ, ಅರ್ಧ ಜನ ನಿಮ್ಮ ಹಿಂದೆ ಹಾರಿ ಪೆಚ್ಚಾಗಿ ನಗುತ್ತಾರೆ. ತಪ್ಪಿದವರನ್ನು ಔಟ್ ಮಾಡಬೇಡಿ. ಔಟ್ ಆಗುವವರು ಮೊದಲೇ ಹಿಂಜರಿಯುತ್ತಾ ನಿಂತವರು, ಅವರನ್ನೇ ಮೂಲೆಗೆ ಕಳಿಸಿದರೆ ಆಟ ಯಾರಿಗೋಸ್ಕರ ಹೇಳಿ?

ನೀವು ನಿಲ್ಲುವ ಜಾಗವೂ ಮುಖ್ಯ. ಸುತ್ತಿನ ನಡುವೆ ನಿಂತರೆ ಅರ್ಧ ಜನಕ್ಕೆ ನಿಮ್ಮ ಬೆನ್ನೇ ಕಾಣುತ್ತದೆ, ಆದ್ದರಿಂದ ಗೆರೆಯ ಮೇಲೆ ಅವರ ಜೊತೆಗೇ ನಿಲ್ಲಿ. ಸಂಜೆ ಬಿಸಿಲು ನಿಮ್ಮ ಕಣ್ಣಿಗೆ ಹೊಡೆಯಲಿ, ಅವರ ಕಣ್ಣಿಗಲ್ಲ. ಹೊಸ ಆಟವಾದರೆ ಎರಡು ಮಾತಲ್ಲಿ ಹೇಳಿ, ಇಬ್ಬರನ್ನು ಕರೆದು ಆಡಿ ತೋರಿಸಿ, ಒಂದು ಸಲ ಸುಮ್ನೆ ಟ್ರಯಲ್ ಅಂತ ಬಿಟ್ಟುಬಿಡಿ.

ಇಬ್ಬಿಬ್ಬರಾದಾಗ ಪ್ರಶ್ನೆ ಹಗುರವಾಗಿರಲಿ. "ನಿಮ್ಮ ಜೀವನದ ಗುರಿ ಏನು" ಅಂದರೆ ಸಂದರ್ಶನಕ್ಕೆ ಬಂದವರ ಹಾಗೆ ಮೈ ಬಿಗಿಯಾಗುತ್ತದೆ. ರೊಟ್ಟಿನಾ ಮುದ್ದೆನಾ, ಮೊಬೈಲಲ್ಲಿ ಕೊನೆಗೆ ತೆಗೆದ ಫೋಟೊ ಯಾವುದರದ್ದು, ಇಷ್ಟು ಸಾಕು. ಅಪ್ಪನ ಕೆಲಸ, ಮನೆತನ, "ನೀವು ಯಾವ ಪೈಕಿ" ಅನ್ನುವ ದಾರಿಗೆ ಹೋಗುವ ಯಾವ ಪ್ರಶ್ನೆಯೂ ಬೇಡ.

ನಂತರ "ಹಡಗು ಮುಳುಗ್ತಿದೆ". ನೀವು ಒಂದು ಸಂಖ್ಯೆ ಕೂಗುತ್ತೀರಿ, ಅಷ್ಟು ಜನ ಗುಂಪಾಗಬೇಕು. 50 ಜನರಿದ್ದಾಗ "ಏಳು" ಅಂದರೆ ಒಬ್ಬರೇ ಉಳಿಯುತ್ತಾರೆ, ಆ ಒಬ್ಬರಿಗೆ ಅದು ಚೆನ್ನಾಗಿರುವುದಿಲ್ಲ. "ಆರು" ಅಂದರೆ ಇಬ್ಬರು ಉಳಿಯುತ್ತಾರೆ, ಮುಂದಿನ ಸಂಖ್ಯೆ ಕೂಗುವ ಕೆಲಸ ಆ ಇಬ್ಬರಿಗೇ ಕೊಡಿ. ಪ್ರತಿ ಸಲ ಗುಂಪಾದ ಮೇಲೆ, ಕಾಲೇಜು ಬಿಟ್ಟು ತಮ್ಮೆಲ್ಲರಿಗೂ ಸಮಾನವಾದ ಒಂದು ವಿಷಯ ಹುಡುಕಲು ಹೇಳಿ. ಕೊನೆಯ ಸಲ ಮಾತ್ರ ನೀವೇ "ಹತ್ತು" ಅಂತ ಕೂಗಿ. ಐದು ತಂಡ ತಾನಾಗೇ ಸಿಕ್ಕವು: ಅಡುಗೆ, ಶ್ರಮದಾನ, ಸ್ವಚ್ಛತೆ, ಸಾಂಸ್ಕೃತಿಕ, ವರದಿ. ಚೀಟಿ ಎತ್ತುವ ರಗಳೆ ತಪ್ಪಿತು, ಗೆಳೆಯರು ಗೆಳೆಯರೇ ಸೇರಿಕೊಳ್ಳುವುದೂ ಕಮ್ಮಿಯಾಯಿತು. ಹೆಸರಿನ ಸರಪಳಿ, ಅಂದರೆ ಹಿಂದಿನವರೆಲ್ಲರ ಹೆಸರು ಹೇಳಿ ತಮ್ಮದನ್ನು ಸೇರಿಸುವ ಆಟ, ಆಡಿಸುವುದಿದ್ದರೆ ಈ ಹತ್ತು ಜನರ ಒಳಗೇ ಆಡಿಸಿ. "ಮಸಾಲೆದೋಸೆ ಮಂಜು", "ಇಡ್ಲಿ ಇಂದಿರಾ" ಅಂತ ತಿಂಡಿ ಸೇರಿಸಿದರೆ ಹೆಸರು ವಾರ ಪೂರ್ತಿ ಮರೆಯುವುದಿಲ್ಲ. 50 ಜನರ ಸರಪಳಿ ಮಾತ್ರ ಶುದ್ಧ ಹಿಂಸೆ.

ಈಗ ನನಗೆ ಸಿಟ್ಟು ಬರುವ ವಿಷಯ. "ಸೋತವರು ಡ್ಯಾನ್ಸ್ ಮಾಡಬೇಕು, ಪ್ರಪೋಸ್ ಮಾಡಬೇಕು" ಅನ್ನುವ ಶಿಕ್ಷೆ ನಮ್ಮಲ್ಲಿ ಎಲ್ಲಾ ಕಡೆ ಇದೆ. ನೋಡುವವರು ನಗುತ್ತಾರೆ, ನಿಂತವರ ಕಿವಿ ಕೆಂಪಾಗಿರುತ್ತದೆ. ಅವರು ಉಳಿದ ಆರು ದಿನ ನಿಮ್ಮ ಕಣ್ಣಿಗೆ ಬೀಳದ ಹಾಗೆ ಓಡಾಡುತ್ತಾರೆ. ಅಷ್ಟೇ ಅಲ್ಲ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರಲ್ಲಿ ತಂದ ರ‍್ಯಾಗಿಂಗ್ ತಡೆ ನಿಯಮಗಳ ಪ್ರಕಾರ, ಒಬ್ಬ ವಿದ್ಯಾರ್ಥಿಗೆ ನಾಚಿಕೆ, ಅವಮಾನ ಆಗುವಂಥದ್ದನ್ನು ಮಾಡಿಸುವುದೂ ರ‍್ಯಾಗಿಂಗೇ. ತಮಾಷೆಗೆ ಮಾಡಿದ್ದು ಸರ್ ಅಂದರೆ ನಡೆಯುವುದಿಲ್ಲ.

ಕೈ ಹಿಡಿಯುವ ಆಟಗಳಲ್ಲೂ ಜೋಪಾನ. ಕೈ ಕೈ ಹೆಣೆದುಕೊಂಡು ಗಂಟು ಬಿಡಿಸುವ ಆಟದಲ್ಲಿ ಹುಡುಗ-ಹುಡುಗಿ ಇಬ್ಬರಿಗೂ ಮುಜುಗರ ಆಗಬಹುದು. ಕೈ ಬದಲು ಕರ್ಚೀಫಿನ ಎರಡು ತುದಿ ಹಿಡಿಯಲಿ, ಆಟ ಏನೂ ಕೆಡುವುದಿಲ್ಲ. ಮಂಡಿ ನೋವು, ಉಬ್ಬಸ ಇದ್ದವರಿಗೆ ಸೀಟಿ ಊದುವ, ಅಂಕ ಬರೆಯುವ ಕೆಲಸ ಕೊಡಿ. "ನನಗೆ ಬೇಡ" ಅಂದವರನ್ನು ಎಳೆಯಬೇಡಿ, ಹೆಚ್ಚಿನವರು ಹತ್ತು ನಿಮಿಷ ನೋಡಿ ತಾವೇ ಬರುತ್ತಾರೆ. ಮೇಷ್ಟ್ರುಗಳನ್ನೂ ಒಂದು ಸುತ್ತು ಆಡಿಸಿ, ಕುರ್ಚಿ ಹಾಕಿಕೊಂಡು ನೋಡುತ್ತಾ ಕೂತರೆ ಅದು ಪರೀಕ್ಷೆ ಆಗಿಬಿಡುತ್ತದೆ.

ಒಟ್ಟು ಮುಕ್ಕಾಲು ಗಂಟೆ ಸಾಕು. "ಇನ್ನೊಂದ್ ಸಲ, ಇನ್ನೊಂದ್ ಸಲ" ಅಂತ ಕೂಗುತ್ತಿರುವಾಗಲೇ ನಿಲ್ಲಿಸಿ. ಮಳೆ ಬಂತು, ಕರೆಂಟೂ ಹೋಯಿತು ಅಂದರೆ ಒಳಗೆ ಚಾಪೆ ಮೇಲೆ ಸುತ್ತ ಕೂರಿಸಿ ಒಂದರಿಂದ ಎಣಿಸಲು ಹೇಳಿ: ಮೂರರ ಮಗ್ಗಿಯ ಸಂಖ್ಯೆ ಬಂದಾಗ ಹೇಳದೆ ಚಪ್ಪಾಳೆ ತಟ್ಟಬೇಕು, ತಪ್ಪಿದರೆ ಎಲ್ಲರೂ ಸೇರಿ ಮತ್ತೆ ಒಂದರಿಂದ. ಮೂವತ್ತು ದಾಟುವಷ್ಟರಲ್ಲಿ ಊಟದ ಗಂಟೆ ಹೊಡೆದಿರುತ್ತದೆ.