ದೊಡ್ಡ ಗುರಿಯನ್ನು ಮಂಗಳವಾರದ ಕೆಲಸ ಮಾಡುವುದು ಹೇಗೆ?

ಕಾದಂಬರಿ ಬರೆಯಬೇಕು. ಮ್ಯಾರಥಾನ್ ಓಡಬೇಕು. ಸ್ವಂತ ಉದ್ಯಮ ಶುರು ಮಾಡಬೇಕು. ಇಂಥ ಆಸೆ ಇಲ್ಲದವರು ಕಡಿಮೆ. ಆಸೆ ನಿಜವಾದದ್ದೇ, ಅದರಲ್ಲಿ ಅನುಮಾನವಿಲ್ಲ. ಆದರೆ ‘ಸರಿ, ಬರುವ ಮಂಗಳವಾರ ಅದಕ್ಕಾಗಿ ಏನು ಮಾಡ್ತೀರಿ?’ ಎಂದು ಕೇಳಿ ನೋಡಿ. ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ವರ್ಷಗಟ್ಟಲೆ ಆಸೆ ಆಸೆಯಾಗಿಯೇ ಉಳಿಯುವುದು ಅಲ್ಲಿಯೇ.

‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಖರ್ಚಿನ ವಿಷಯಕ್ಕೆ ಒಳ್ಳೆಯದು. ಗುರಿಯ ವಿಷಯಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಗುರಿ ದೊಡ್ಡದೇ ಇರಲಿ. ಅದನ್ನು ಈ ವಾರದ ಕೆಲಸದವರೆಗೆ ಇಳಿಸಿಕೊಳ್ಳುವುದನ್ನು ಮಾತ್ರ ಕಲಿಯಬೇಕು. ಅದನ್ನು ಯಾರು ಬೇಕಾದರೂ ಕಲಿಯಬಹುದು. ಉದಾಹರಣೆಗೆ, ದಿನವಿಡೀ ಬೇರೆ ಕೆಲಸದಲ್ಲಿರುವ ಒಬ್ಬರು ಮೊದಲ ಕಾದಂಬರಿ ಬರೆಯಲು ಹೊರಟಿದ್ದಾರೆ ಎಂದುಕೊಳ್ಳೋಣ.

1. ಗುರಿಗೆ ಒಂದು ಅಂಕಿ, ಒಂದು ತಾರೀಕು ಕೊಡಿ

‘ಕೈಲಾದಷ್ಟು ಮಾಡ್ತೀನಿ’ ಎನ್ನುವುದು ವಿನಯದ ಮಾತು. ಗುರಿಯಾಗಿ ಅದು ಕೆಲಸಕ್ಕೆ ಬರುವುದಿಲ್ಲ. ಕೈಲಾದಷ್ಟು ಎಂದರೆ ಎಷ್ಟು? ದಣಿದ ದಿನ ಅದು ಸೊನ್ನೆಯೂ ಆಗಬಹುದು.

ಮನಶ್ಶಾಸ್ತ್ರಜ್ಞರಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ದಶಕಗಳ ಕಾಲ ಈ ವಿಷಯವನ್ನೇ ಅಧ್ಯಯನ ಮಾಡಿದರು. ಲೇಥಮ್ ತಮ್ಮ ಸಹೋದ್ಯೋಗಿಯೊಬ್ಬರ ಜೊತೆ 1975ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಇಷ್ಟ. ಅಮೆರಿಕದಲ್ಲಿ ಕಾಡಿನಿಂದ ಮರದ ದಿಮ್ಮಿ ಸಾಗಿಸುವ ಲಾರಿಗಳು ಕಾನೂನು ಒಪ್ಪುವ ತೂಕದ ಸುಮಾರು ಶೇ 60ರಷ್ಟು ಮಾತ್ರ ತುಂಬಿಕೊಂಡು ಹೋಗುತ್ತಿದ್ದವು. ‘ನಿಮ್ಮಿಂದ ಆದಷ್ಟು ತುಂಬಿ’ ಎಂದು ಹೇಳಿದ್ದರಿಂದ ಏನೂ ಬದಲಾಗಿರಲಿಲ್ಲ. ಆಮೇಲೆ ಶೇ 94 ಎಂಬ ಗುರಿ ಕೊಟ್ಟರು. ಹೆಚ್ಚಿನ ಸಂಬಳವಿಲ್ಲ, ಬಹುಮಾನವಿಲ್ಲ. ಕೆಲವು ತಿಂಗಳಲ್ಲಿ ಸರಾಸರಿ ಶೇ 90ರ ಹತ್ತಿರ ಬಂತು. ಅದೇ ಜನ, ಅದೇ ಲಾರಿ. ಕಷ್ಟದ, ಆದರೆ ಸ್ಪಷ್ಟವಾದ ಒಂದು ಅಂಕಿ ಅವರ ಮುಂದಿತ್ತು, ಅಷ್ಟೆ.

ಹಾಗಾಗಿ ನಮ್ಮ ಕಾದಂಬರಿಕಾರರು ‘ಬರೆಯಬೇಕು’ ಎನ್ನುವುದನ್ನು ಬಿಟ್ಟು ‘60,000 ಪದಗಳ ಕಾದಂಬರಿ, ಇವತ್ತಿನಿಂದ ಒಂದು ವರ್ಷದೊಳಗೆ’ ಎಂದು ಕಾಗದದ ಮೇಲೆ ಬರೆಯಲಿ. ಸದ್ಯಕ್ಕೆ ಅದು ಅಂದಾಜು. ಪರವಾಗಿಲ್ಲ, ಮುಂದೆ ತಿದ್ದಬಹುದು.

ಇಲ್ಲಿ ಒಂದು ಎಚ್ಚರಿಕೆ. ದಿಮ್ಮಿ ತುಂಬುವುದು ಆ ಜನರಿಗೆ ಗೊತ್ತಿದ್ದ ಕೆಲಸ. ಕೆಲಸವೇ ಹೊಸದಾಗಿದ್ದರೆ ಫಲಿತಾಂಶದ ಅಂಕಿ ಕೆಲವೊಮ್ಮೆ ಕೈಕಾಲು ಕಟ್ಟಿಹಾಕುತ್ತದೆ. ಲೇಥಮ್ ಅವರ ಮುಂದಿನ ಅಧ್ಯಯನಗಳಲ್ಲಿ ಇದೂ ಕಂಡುಬಂತು. ಅಂಥಾಗ ಮೊದಲ ಕೆಲವು ವಾರ ಕಲಿಕೆಯ ಗುರಿ ಇಟ್ಟುಕೊಳ್ಳಿ: ‘ಒಂದು ದೃಶ್ಯವನ್ನು ಮೂರು ಬೇರೆ ಬೇರೆ ಪಾತ್ರಗಳ ಕಣ್ಣಿನಿಂದ ಬರೆದು ನೋಡ್ತೀನಿ’ ಎಂಬಂಥದ್ದು. ಅಂಕಿ ಆಮೇಲೆ ಬರಲಿ.

2. ಕೊನೆಯಿಂದ ಹಿಂದಕ್ಕೆ ಬನ್ನಿ

ಇಡೀ ಕೆಲಸದ ಬೆನ್ನೆಲುಬು ಇದು. ಇದಕ್ಕೆ ಜಾಸ್ತಿ ಸಮಯ ಕೊಡಿ.

1961ರ ಮೇ 25ರಂದು ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ಅಲ್ಲಿನ ಸಂಸತ್ತಿನ ಮುಂದೆ ಒಂದು ಗುರಿ ಇಟ್ಟರು. ಈ ದಶಕ ಮುಗಿಯುವುದರೊಳಗೆ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿ, ಸುರಕ್ಷಿತವಾಗಿ ವಾಪಸ್ ಕರೆತರಬೇಕು. ಆವತ್ತಿಗೆ ಅವರ ಬಳಿ ಇದ್ದ ಅನುಭವ ಎಷ್ಟು? 20 ದಿನ ಹಿಂದೆ ಅಲನ್ ಶೆಪರ್ಡ್ ಬಾಹ್ಯಾಕಾಶಕ್ಕೆ ಹೋಗಿಬಂದ 15 ನಿಮಿಷದ ಒಂದು ಹಾರಾಟ. ಭೂಮಿಯನ್ನು ಒಂದು ಸುತ್ತು ಹಾಕಿದ ಅಮೆರಿಕನ್ ಕೂಡ ಇರಲಿಲ್ಲ.

ಹಾಗೆ ನೋಡಿದರೆ ಆ ಮಾತು ಗಾಳಿಗೋಪುರವೇ ಆಗಬೇಕಿತ್ತು. ಆಗದಿರಲು ಕಾರಣ, ಎಂಜಿನಿಯರುಗಳು ಕೊನೆಯ ದೃಶ್ಯದಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಚಂದ್ರನ ಮೇಲೆ ಇಳಿಯುವುದು ಯಾವ ಬಗೆಯಲ್ಲಿ ಎಂದು ಒಂದು ವರ್ಷಕ್ಕೂ ಹೆಚ್ಚು ಕಾಲ ವಾದ ನಡೆಯಿತು. 1962ರಲ್ಲಿ ತೀರ್ಮಾನವಾಯಿತು. ದೊಡ್ಡ ನೌಕೆ ಚಂದ್ರನ ಸುತ್ತ ಸುತ್ತುತ್ತಿರುತ್ತದೆ. ಒಂದು ಚಿಕ್ಕ ನೌಕೆ ಕೆಳಗಿಳಿದು, ಮತ್ತೆ ಮೇಲೆ ಬಂದು ಅದಕ್ಕೆ ಜೋಡಿಕೊಳ್ಳುತ್ತದೆ. ಈ ತೀರ್ಮಾನ ಆದ ತಕ್ಷಣ ತಮಗೆ ಬಾರದೇ ಇರುವುದು ಯಾವುದು ಎನ್ನುವುದು ಎದ್ದು ಕಂಡಿತು. ಬಾಹ್ಯಾಕಾಶದಲ್ಲಿ ಎರಡು ನೌಕೆಗಳು ಒಂದನ್ನೊಂದು ಹುಡುಕಿ ಜೋಡಿಯಾಗುವುದು. ಅದನ್ನು ಅಲ್ಲಿಯವರೆಗೆ ಯಾರೂ ಮಾಡಿರಲಿಲ್ಲ.

ಆದ್ದರಿಂದ ಅದನ್ನೇ ಮೊದಲು ಭೂಮಿಯ ಹತ್ತಿರ ಅಭ್ಯಾಸ ಮಾಡಿದರು. ಜೆಮಿನಿ ಎಂಬ ಯೋಜನೆಯ ಮುಖ್ಯ ಉದ್ದೇಶಗಳಲ್ಲಿ ಅದೂ ಒಂದು. 1965ರ ಡಿಸೆಂಬರ್‌ನಲ್ಲಿ ಎರಡು ಜೆಮಿನಿ ನೌಕೆಗಳು ಒಂದರ ಪಕ್ಕ ಒಂದು ಬಂದವು. 1966ರ ಮಾರ್ಚ್‌ನಲ್ಲಿ ಜೆಮಿನಿ 8 ಇನ್ನೊಂದು ನೌಕೆಗೆ ಜೋಡಿಕೊಂಡಿತು. ಅದನ್ನು ನಡೆಸಿದವರು ನೀಲ್ ಆರ್ಮ್‌ಸ್ಟ್ರಾಂಗ್. ಆಮೇಲೆ 1968ರ ಡಿಸೆಂಬರ್‌ನಲ್ಲಿ ಅಪೋಲೊ 8 ಚಂದ್ರನನ್ನು ಸುತ್ತಿ ಬಂತು. 1969ರ ಮಾರ್ಚ್‌ನಲ್ಲಿ ಅಪೋಲೊ 9 ಇಳಿಯುವ ನೌಕೆಯನ್ನು ಭೂಮಿಯ ಸುತ್ತಲೇ ಪರೀಕ್ಷಿಸಿತು. ಮೇ ತಿಂಗಳಲ್ಲಿ ಅಪೋಲೊ 10 ಚಂದ್ರನ ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದವರೆಗೆ ಇಳಿದು, ನೆಲ ಮುಟ್ಟದೆ ಹಿಂದಿರುಗಿತು. ಅಪೋಲೊ 11 ಇಳಿದದ್ದು ಜುಲೈ 20ಕ್ಕೆ. ಒಂದೊಂದು ಹಾರಾಟವೂ ಹಿಂದಿನದಕ್ಕೆ ಸ್ವಲ್ಪ ಹೊಸದನ್ನು ಸೇರಿಸಿತು. ಜುಲೈನಲ್ಲಿ ಹೊಸದಾಗಿ ಮಾಡಬೇಕಾಗಿ ಉಳಿದದ್ದು ಮುಖ್ಯವಾಗಿ ಆ ಕೊನೆಯ ಕೆಲವು ಕಿಲೋಮೀಟರ್.

ಇದನ್ನೇ ನೀವು ಮಾಡಬೇಕು. ಕಾಗದದ ಕೆಳತುದಿಯಲ್ಲಿ ಗುರಿ ಬರೆಯಿರಿ. ಅದರ ಮೇಲೆ, ‘ಇದು ಆಗುವ ಮೊದಲು ಏನು ಮುಗಿದಿರಬೇಕು?’ ಎಂದು ಬರೆಯಿರಿ. ಅದಕ್ಕೂ ಮೊದಲು? ಇವತ್ತಿನವರೆಗೆ ಹೀಗೇ ಬನ್ನಿ. ಕಾದಂಬರಿಯ ಲೆಕ್ಕ ಹೀಗಿರಬಹುದು: ಅಂತಿಮ ಪ್ರತಿ 12ನೇ ತಿಂಗಳ ಕೊನೆಗೆ. ಕೊನೆಯ ಒಂದು ತಿಂಗಳು ಕಾಗುಣಿತ, ಭಾಷೆ ತಿದ್ದಲು. ಅದಕ್ಕೂ ಮುಂಚೆ ಇಡೀ ಕಥೆ ಮತ್ತೆ ಬರೆಯಲು ಮೂರು ತಿಂಗಳು. ಅದಕ್ಕೂ ಮುಂಚೆ ಇಬ್ಬರು ಓದುಗರಿಗೆ ಒಂದು ತಿಂಗಳು. ಅಂದರೆ ಮೊದಲ ಕರಡು ಏಳನೇ ತಿಂಗಳಿಗೆ ಮುಗಿದಿರಬೇಕು. ಅದು ಸುಮಾರು 30 ವಾರ. ವಾರಕ್ಕೆ 2,000 ಪದ. ವಾರದಲ್ಲಿ ಐದು ದಿನ ಬರೆದರೆ ದಿನಕ್ಕೆ 400.

ನೋಡಿ, ಒಂದು ವರ್ಷದ ಗುರಿ ಮಂಗಳವಾರದ 400 ಪದಕ್ಕೆ ಬಂದು ನಿಂತಿತು.

ಈಗ ಪಟ್ಟಿಯಲ್ಲಿ ನಿಮಗೆ ಗೊತ್ತೇ ಇಲ್ಲದ ಹೆಜ್ಜೆಗಳ ಪಕ್ಕದಲ್ಲಿ ಗುರುತು ಹಾಕಿ. ಕಾದಂಬರಿಗೆ ಕೈಹಾಕಿದ ಅನೇಕರು ಸೋಲುವುದು ನಡುಭಾಗದಲ್ಲಿ. ಶುರು ಚೆನ್ನಾಗಿರುತ್ತದೆ, ಕೊನೆ ತಲೆಯಲ್ಲಿರುತ್ತದೆ, ನಡುವೆ ಕಥೆ ಸಾಗುವುದಿಲ್ಲ. ಹಾಗಿದ್ದರೆ ಮೊದಲ ತಿಂಗಳು 5,000 ಪದದ ಒಂದು ಕಥೆಯನ್ನು ಶುರುವಿನಿಂದ ಕೊನೆಯವರೆಗೆ ಮುಗಿಸಿ ನೋಡಿ. ನಡುಭಾಗ ದಾಟುವುದು ಹೇಗೆ ಎಂದು ಚಿಕ್ಕ ಅಳತೆಯಲ್ಲಿ ಗೊತ್ತಾಗುತ್ತದೆ. ಕಷ್ಟದ್ದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಡುವುದೇ ಅತಿ ದೊಡ್ಡ ತಪ್ಪು ಎಂದು ನನ್ನ ನಂಬಿಕೆ. ಎಂಟು ತಿಂಗಳು ಖರ್ಚಾದ ಮೇಲೆ ಅದು ಎದುರಾದರೆ ಹಿಂದಕ್ಕೆ ಹೋಗುವ ಶಕ್ತಿಯೇ ಇರುವುದಿಲ್ಲ.

3. ನಿಮ್ಮ ಅಂದಾಜನ್ನು ನಂಬಬೇಡಿ

ಮೇಲಿನ 30 ವಾರದ ಲೆಕ್ಕ ಚೆನ್ನಾಗಿ ಕಾಣುತ್ತದೆ. ಅದು ಬಹುಮಟ್ಟಿಗೆ ತಪ್ಪಾಗುತ್ತದೆ.

ನಮ್ಮ ಕೆಲಸಕ್ಕೆ ಬೇಕಾಗುವ ಸಮಯವನ್ನು ನಾವು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ ಎಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಬರೆದರು. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದರು. ‘ಯಾವಾಗ ಮುಗಿಸ್ತೀರಿ?’ ಸರಾಸರಿ ಉತ್ತರ ಸುಮಾರು 34 ದಿನ. ‘ಎಲ್ಲವೂ ಕೆಟ್ಟರೆ?’ ಸುಮಾರು 49 ದಿನ. ನಿಜವಾಗಿ ಹಿಡಿದದ್ದು 55 ದಿನಕ್ಕೂ ಜಾಸ್ತಿ. ಅತಿ ಕೆಟ್ಟ ಊಹೆಗಿಂತಲೂ ತಡ!

ಪರಿಹಾರ ಸರಳ. ಹೀಗೇ ಇದ್ದ ಹಿಂದಿನ ಕೆಲಸಕ್ಕೆ ನಿಮಗೆ ನಿಜವಾಗಿ ಎಷ್ಟು ಕಾಲ ಹಿಡಿಯಿತು ಎಂದು ನೆನಪಿಸಿಕೊಳ್ಳಿ. ನಿಮ್ಮ ಅನುಭವ ಇಲ್ಲದಿದ್ದರೆ ಅದನ್ನು ಮಾಡಿದವರನ್ನು ಕೇಳಿ. ಅದೂ ಸಿಗದಿದ್ದರೆ ಆ ವಿದ್ಯಾರ್ಥಿಗಳ ಅನುಪಾತವನ್ನೇ ತೆಗೆದುಕೊಳ್ಳಿ, ಅಂದರೆ ಸುಮಾರು 1.6 ಪಟ್ಟು. ಆಗ 30 ವಾರ 48 ವಾರವಾಗುತ್ತದೆ. ವಾರಕ್ಕೆ 1,250 ಪದ. ಕರಡಿನ ನಂತರದ ಐದು ತಿಂಗಳಿಗೂ ಇದೇ ಲೆಕ್ಕ ಹಾಕಿದರೆ ಎಂಟು ತಿಂಗಳು. ಒಟ್ಟು ಒಂದು ವರ್ಷ ಏಳು ತಿಂಗಳು. ತಾರೀಕು ದೂರ ಹೋಯಿತು ಎಂದು ಬೇಸರ ಬೇಡ. ಗುರಿಯನ್ನು ಚಿಕ್ಕದು ಮಾಡುವ ಬದಲು ತಾರೀಕನ್ನು ಮುಂದಕ್ಕೆ ಹಾಕುವುದು ಎಷ್ಟೋ ಮೇಲು.

4. ಯಾವಾಗ, ಎಲ್ಲಿ ಎಂದು ಮೊದಲೇ ಗೊತ್ತು ಮಾಡಿ

‘ಸಮಯ ಸಿಕ್ಕಾಗ ಬರೆಯುತ್ತೇನೆ’ ಎಂದರೆ ಸಮಯ ಸಿಗುವುದಿಲ್ಲ. ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರ ಒಂದು ಪ್ರಯೋಗ ಇದೆ. ಕ್ರಿಸ್‌ಮಸ್ ರಜೆಗೆ ಹೊರಟ ವಿದ್ಯಾರ್ಥಿಗಳು ಹಬ್ಬದ ಹಿಂದಿನ ದಿನ ಹೇಗೆ ಕಳೆಯಿತು ಎಂದು ಎರಡು ದಿನದೊಳಗೆ ಬರೆದು ಕಳಿಸಬೇಕಿತ್ತು. ಅರ್ಧ ಜನರಿಗೆ ಯಾವಾಗ, ಎಲ್ಲಿ ಕೂತು ಬರೆಯುತ್ತೀರಿ ಎಂದು ಮೊದಲೇ ಗೊತ್ತು ಮಾಡಿಕೊಳ್ಳಲು ಹೇಳಿದರು. ಅವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಸಮಯಕ್ಕೆ ಬರೆದರು. ಹಾಗೆ ಹೇಳಿಸಿಕೊಳ್ಳದವರಲ್ಲಿ ಬರೆದವರು ಮೂರನೇ ಒಂದು ಪಾಲು ಮಾತ್ರ.

ಹಾಗಾಗಿ ವಾಕ್ಯವನ್ನು ‘ಹೀಗಾದಾಗ, ಹೀಗೆ ಮಾಡ್ತೀನಿ’ ಎಂಬ ರೂಪದಲ್ಲಿ ಬರೆಯಿರಿ. ‘ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ, ಫೋನ್ ಮುಟ್ಟುವ ಮೊದಲು, ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂರ್ತೀನಿ.’ ಅಡ್ಡಿಗೂ ಒಂದು ವಾಕ್ಯ ಇರಲಿ: ‘ಬೆಳಿಗ್ಗೆ ತಪ್ಪಿದರೆ, ರಾತ್ರಿ ಊಟದ ನಂತರ ಕಾಲು ಗಂಟೆಯಾದರೂ ಬರೀತೀನಿ.’ ಗಂಟೆ ಹೊಡೆದ ಮೇಲೆ ಯೋಚಿಸುತ್ತಾ ಕೂರುವ ಪ್ರಮೇಯ ಬರಬಾರದು.

5. ಸೋತಿದ್ದೀರಿ ಎಂದುಕೊಂಡು ಕಾರಣ ಹುಡುಕಿ

ಗ್ಯಾರಿ ಕ್ಲೈನ್ ಎಂಬ ಸಂಶೋಧಕರು ಹೇಳಿಕೊಟ್ಟ ಒಂದು ಒಳ್ಳೆಯ ಕ್ರಮವಿದೆ. ಕೆಲಸ ಶುರುವಾಗುವ ಮೊದಲೇ, ಅದು ಪೂರ್ತಿ ಸೋತಿದೆ ಎಂದುಕೊಳ್ಳಿ. ಏಕೆ ಸೋತಿತು ಎಂದು ಹತ್ತು ನಿಮಿಷ ಕೂತು ಬರೆಯಿರಿ. ‘ಏನಾದರೂ ತೊಂದರೆ ಆಗಬಹುದಾ?’ ಎಂದು ಕೇಳಿದರೆ ಮನಸ್ಸು ‘ಇಲ್ಲ ಬಿಡಿ’ ಎನ್ನುತ್ತದೆ. ಆಗಿಹೋಗಿದೆ ಎಂದುಕೊಂಡರೆ ಕಾರಣಗಳು ತಾವಾಗಿ ಬರುತ್ತವೆ: ಮನೆಯಲ್ಲಿ ಒಬ್ಬರಿಗೆ ಹುಷಾರು ತಪ್ಪಿತು, ಕಚೇರಿಯಲ್ಲಿ ವರ್ಷದ ಕೊನೆಯ ಕೆಲಸ ಮೈಮೇಲೆ ಬಿತ್ತು, 20,000 ಪದಕ್ಕೆ ಕಥೆ ಬೇಸರವಾಯಿತು.

ಇವುಗಳಿಗೆ ಯೋಜನೆಯಲ್ಲಿ ಜಾಗ ಬಿಡಬೇಕು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮೊದಲು ತಲುಪಿದ ರೋಆಲ್ಡ್ ಅಮುಂಡ್ಸೆನ್ ದಾರಿಯಲ್ಲಿ ಆಹಾರದ ದಾಸ್ತಾನು ಮಾಡಿಟ್ಟಿದ್ದರು. ಅದಷ್ಟೇ ಸಾಲದು ಎಂದು ದಾಸ್ತಾನಿನ ಎಡಕ್ಕೂ ಬಲಕ್ಕೂ, ದಾರಿಗೆ ಅಡ್ಡಲಾಗಿ ಬಾವುಟಗಳ ಸಾಲು ನೆಟ್ಟಿದ್ದರು. ಮಂಜಿನಲ್ಲಿ ದಾರಿ ತಪ್ಪಿದರೂ ಯಾವುದಾದರೊಂದು ಬಾವುಟ ಕಣ್ಣಿಗೆ ಬೀಳಲಿ ಎಂದು. ತಪ್ಪುತ್ತೇವೆ ಎಂಬುದನ್ನು ಅವರು ಮೊದಲೇ ಲೆಕ್ಕಕ್ಕೆ ಹಿಡಿದಿದ್ದರು. ಕಾದಂಬರಿಯ ಯೋಜನೆಯಲ್ಲಾದರೆ, ಪ್ರತಿ ನಾಲ್ಕು ವಾರಕ್ಕೆ ಒಂದು ವಾರವನ್ನು ಸುಮ್ನೆ ಖಾಲಿ ಬಿಡಿ. ಹಿಂದೆ ಬಿದ್ದಿದ್ದರೆ ಆ ವಾರ ಸರಿದೂಗಿಸಿಕೊಳ್ಳಿ. ಬಿದ್ದಿಲ್ಲದಿದ್ದರೆ ವಿಶ್ರಾಂತಿ ತೆಗೆದುಕೊಳ್ಳಿ.

6. ವಾರಕ್ಕೊಮ್ಮೆ ಲೆಕ್ಕ ನೋಡಿ

ಭಾನುವಾರ ಸಂಜೆ ಹದಿನೈದು ನಿಮಿಷ ಸಾಕು. ಎಷ್ಟಾಯಿತು, ಎಷ್ಟು ಆಗಬೇಕಿತ್ತು, ಮುಂದಿನ ವಾರ ಏನು ಬದಲಿಸಬೇಕು. ತಪ್ಪಿದ ದಿನಕ್ಕೆ ನಿಮ್ಮನ್ನು ಬೈದುಕೊಳ್ಳುವುದರಿಂದ ಒಂದು ಪದವೂ ಹೆಚ್ಚಾಗುವುದಿಲ್ಲ.

ಕೆಲವೊಮ್ಮೆ ಎಲ್ಲ ಸರಿಯಾಗಿದ್ದರೂ ಅಂಕಿ ಮೇಲೇಳುವುದಿಲ್ಲ. ನಾಲ್ಕು ನಿಮಿಷದೊಳಗೆ ಒಂದು ಮೈಲಿ ಓಡಲು ಹೊರಟ ರೋಜರ್ ಬ್ಯಾನಿಸ್ಟರ್ ವೈದ್ಯಕೀಯ ವಿದ್ಯಾರ್ಥಿ. ಅಭ್ಯಾಸಕ್ಕೆ ಸಿಗುತ್ತಿದ್ದ ಸಮಯ ಕಡಿಮೆ. ಅವರು ಗುರಿಯನ್ನು ಕಾಲು ಮೈಲಿಗೆ 60 ಸೆಕೆಂಡ್ ಎಂದು ಒಡೆದುಕೊಂಡು, ನಡುವೆ ಎರಡು ನಿಮಿಷ ಬಿಡುವಿನೊಂದಿಗೆ ಹತ್ತು ಬಾರಿ ಕಾಲು ಮೈಲಿ ಓಡುತ್ತಿದ್ದರು. ಸರಾಸರಿ 66 ಸೆಕೆಂಡಿನಿಂದ 61ಕ್ಕೆ ಇಳಿದು ಅಲ್ಲೇ ನಿಂತುಬಿಟ್ಟಿತು. ಆಗ ಅವರು ಓಟ ನಿಲ್ಲಿಸಿ ಕೆಲವು ದಿನ ಬೆಟ್ಟ ಹತ್ತಲು ಹೋದರು. ಬಂದ ಮೇಲೆ 59 ಆಯಿತು. 1954ರ ಮೇ 6ರಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡಿನಲ್ಲಿ ಮುಗಿಸಿದರು. ಎರಡು ಮೂರು ವಾರ ಒಂದೇ ಕಡೆ ನಿಂತಿದ್ದರೆ, ಇನ್ನೂ ಜೋರಾಗಿ ತಳ್ಳುವ ಮೊದಲು ನಿಮ್ಮ ದಣಿವನ್ನೂ ನೋಡಿ.

ಗುರಿ ಬಿಡಬೇಕಾದ ಸಂದರ್ಭವೂ ಬರಬಹುದು. ಅದನ್ನು ಕೆಟ್ಟ ದಿನ ಕೂತು ತೀರ್ಮಾನಿಸಬೇಡಿ. ಶುರುವಿನಲ್ಲೇ ಒಂದು ಗೆರೆ ಬರೆದಿಡಿ. ವಾರಕ್ಕೆ 1,250ರ ಲೆಕ್ಕದಲ್ಲಿ ಮೂರು ತಿಂಗಳಿಗೆ ಸುಮಾರು 16,000 ಪದ ಆಗಬೇಕು. ಅದರ ಅರ್ಧವೂ ಆಗಿರದಿದ್ದರೆ ಯೋಜನೆ ಬದಲಿಸಿ: ಬರೆಯುವ ಹೊತ್ತು, ತಾರೀಕು, ಕಥೆಯ ಹರವು, ಯಾವುದಾದರೂ ಒಂದು. ಹಾಗೆ ಎರಡು ಸಲ ಬದಲಿಸಿದ ಮೇಲೂ ಬರೆಯಲು ಕೂರುವುದೇ ಬೇಡ ಎನಿಸುತ್ತಿದ್ದರೆ, ಆಗ ಗುರಿಯನ್ನೇ ಪ್ರಶ್ನಿಸಿ. ಅದು ನಿಮ್ಮದೇ ಆಸೆಯೋ, ಬೇರೆಯವರು ಮೆಚ್ಚಲಿ ಎಂದು ಹೊತ್ತುಕೊಂಡದ್ದೋ? ನಿಮ್ಮದಲ್ಲ ಎನಿಸಿದರೆ ಬಿಟ್ಟುಬಿಡಿ. ನಿಜವಾಗಿ ಬೇಕಾದ ಇನ್ನೊಂದು ಗುರಿಯನ್ನು ಹೊಸ ಕಾಗದದ ಕೆಳತುದಿಯಲ್ಲಿ ಬರೆದು, ಮತ್ತೆ ಹಿಂದಕ್ಕೆ ಲೆಕ್ಕ ಹಾಕಿ.