ಊಟದ ಹೊತ್ತಿಗೆ ತಕ್ಕಂತೆ ಶ್ರೀಲಂಕಾ ಸುತ್ತಿದ್ದು

ಶ್ರೀಲಂಕಾವನ್ನು ಒಬ್ಬರೇ ಸುತ್ತಲು ಹೊರಟವರಿಗೆ ನಾನು ಮೊದಲು ಹೇಳುವ ಮಾತು ಇದು: ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗಿನ ಹೊತ್ತನ್ನು ಯಾವ ಕೋಟೆಗೂ ಯಾವ ಬೆಟ್ಟಕ್ಕೂ ಕೊಡಬೇಡಿ. ಅದು ಅನ್ನದ ಹೊತ್ತು. ಬೆಳಿಗ್ಗೆ ಮಾಡಿಟ್ಟ ಪಲ್ಯಗಳು ಮಣ್ಣಿನ ಮಡಕೆಗಳಲ್ಲಿ ಸಾಲಾಗಿರುತ್ತವೆ. ತಡವಾಗಿ ಹೋದರೆ ಮಡಕೆಗಳ ತಳ ಕಾಣುತ್ತದೆ. ರಾತ್ರಿ ಬಹಳ ಕಡೆ ಅನ್ನ ಸಿಗುವುದೇ ಇಲ್ಲ, ಆಗ ದೋಸೆಯಂಥ ಅಪ್ಪ, ಶಾವಿಗೆಯಂಥ ಇಂಡಿಅಪ್ಪ, ಕೊಚ್ಚಿ ಹುರಿದ ಕೊತ್ತು ರೊಟ್ಟಿಯ ಸರದಿ. ನಾನು ಗದಗಿನಲ್ಲಿ ಜೋಳದ ರೊಟ್ಟಿಯ ಖಾನಾವಳಿ ನಡೆಸುವವಳು. ಒಂದು ಊರಿನ ಊಟ ಯಾವ ಹೊತ್ತಿಗೆ ಬಿಸಿಯಾಗಿರುತ್ತದೆ, ಯಾರಿಗಾಗಿ ಬೇಯುತ್ತದೆ ಎಂಬುದು ತಿಳಿದರೆ ಆ ಊರು ಅರ್ಧ ತಿಳಿದಂತೆಯೇ ಎಂದು ನಂಬಿದವಳು. ಆದ್ದರಿಂದ ಇಡೀ ಪ್ರವಾಸವನ್ನು ಊಟದ ಹೊತ್ತಿನ ಸುತ್ತ ಕಟ್ಟಿಕೊಂಡೆ.

ಹೊರಟದ್ದು ಆಷಾಢದಲ್ಲಿ. ಮದುವೆ, ಮುಂಜಿ ಇಲ್ಲದ ತಿಂಗಳು, ಹೊರಗಿನ ಅಡುಗೆಯ ಆರ್ಡರುಗಳು ಕಡಿಮೆ, ಖಾನಾವಳಿಯನ್ನು ತಮ್ಮನ ಹೆಂಡತಿಗೆ ಒಪ್ಪಿಸಬಹುದು. "ಜೊತೆಗೆ ಯಾರಾದರೂ ಇರಲಿ, ತಂಗೀ" ಎಂದು ಅವ್ವ ಹೊರಡುವ ದಿನದವರೆಗೂ ಹೇಳಿದಳು. ಜೊತೆಗೆ ಬರುವವರು ಇದ್ದರು. ಆದರೆ ಅವರಿಗೆ ದಿನಕ್ಕೆ ನಾಲ್ಕು ಸ್ಥಳ ನೋಡುವುದು ಬೇಕು, ನನಗೆ ಒಂದು ಅಡುಗೆಮನೆಯಲ್ಲಿ ಅರ್ಧ ದಿನ ಕೂರುವುದು ಬೇಕು. ಒಬ್ಬಳೇ ಹೋದದ್ದಕ್ಕೆ ಇದೊಂದೇ ಕಾರಣ, ಇದು ಸಾಕು.

ಹುಬ್ಬಳ್ಳಿಯಿಂದ ರಾತ್ರಿಯ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆಯ ಆಸುಪಾಸು. ಪ್ರವೇಶದ ಅನುಮತಿಯನ್ನು ಮೊದಲೇ ಅಲ್ಲಿನ ಸರ್ಕಾರದ ಜಾಲತಾಣದಲ್ಲಿ ನೋಡಿ ಮಾಡಿಸಿಕೊಳ್ಳಿ, ನಿಯಮಗಳು ಆಗಾಗ ಬದಲಾಗುತ್ತವೆ. ವಿಮಾನ ನಿಲ್ದಾಣ ಇರುವುದು ಕಟುನಾಯಕದಲ್ಲಿ. ಸಂಜೆ ಇಳಿಯುವವರು ಕೊಲಂಬೊ ನಗರಕ್ಕೆ ಹೋಗದೆ ಪಕ್ಕದ ನೆಗೊಂಬೊದಲ್ಲೇ ಉಳಿಯುವುದು ಒಳ್ಳೆಯದು. ಸಮಭಾಜಕ ವೃತ್ತಕ್ಕೆ ಹತ್ತಿರದ ನಾಡಾದ್ದರಿಂದ ವರ್ಷವಿಡೀ ಸಂಜೆ ಆರು, ಆರೂವರೆಗೆಲ್ಲ ಕತ್ತಲಾಗುತ್ತದೆ. ಕತ್ತಲಾಗುವ ಮೊದಲು ಉಳಿಯುವ ಮನೆ ಸೇರುವುದು ನಾನು ಎಲ್ಲಿಯೂ ಮುರಿಯದ ನಿಯಮ.

ಬಸ್ಸುಗಳ ಬಗ್ಗೆ ಎರಡು ಮಾತು. ಕೆಂಪು ಬಣ್ಣದವು ಸರ್ಕಾರಿ ಬಸ್ಸುಗಳು, ಉಳಿದವು ಖಾಸಗಿ. ಮುಂದಿನ ಸೀಟುಗಳನ್ನು ಬೌದ್ಧ ಭಿಕ್ಷುಗಳಿಗೆಂದು ಮೀಸಲಿಟ್ಟಿರುತ್ತಾರೆ, ಹೆಂಗಸರು ಭಿಕ್ಷುವಿನ ಪಕ್ಕ ಕೂರುವುದಿಲ್ಲ. ಅದರ ಹಿಂದಿನ ಸಾಲುಗಳಲ್ಲಿ, ಶಾಲೆಯ ಶಿಕ್ಷಕಿಯರು, ಸಂತೆಗೆ ಹೋಗುವ ಹೆಂಗಸರು ಇರುವ ಕಡೆ ಕೂರುತ್ತಿದ್ದೆ. ಇಳಿಯುವ ಊರಿನ ಹೆಸರು ಹೇಳಿ ಕೂತರೆ ಸಾಕು, "ಅಕ್ಕಾ, ಇಲ್ಲಿ" ಎಂದು ಕಂಡಕ್ಟರ್ ಕೂಗಿ ಇಳಿಸುತ್ತಿದ್ದ. ನೆಗೊಂಬೊದಿಂದ ಕುರುಣೇಗಲ, ಕುರುಣೇಗಲದಿಂದ ದಂಬುಲ್ಲ. ನಡುವೆ ಬಸ್ ಬದಲಿಸುವ ಜಾಗದಲ್ಲೇ ಊಟ.

ಆ ಊಟದ ವಿಷಯಕ್ಕೆ ಬರುತ್ತೇನೆ. ಕೆಂಪಕ್ಕಿಯ ಅನ್ನ, ಅದರ ಸುತ್ತ ತೆಂಗಿನ ಹಾಲಿನಲ್ಲಿ ಬೆಂದ ಬೇಳೆಯ ಪರಿಪ್ಪು, ಒಂದೆರಡು ತರಕಾರಿಯ ಪಲ್ಯ, ಒಂದು ಸೊಪ್ಪು, ಪೋಲ್ ಸಂಬೋಲ, ಹಪ್ಪಳ. ಸಸ್ಯಾಹಾರಿಗೆ ಇದು ಸ್ವರ್ಗದಂತೆ ಕಾಣುತ್ತದೆ, ಆದರೆ ಒಂದು ಎಚ್ಚರ ಬೇಕು. ತೆಂಗಿನ ತುರಿಗೆ ಮೆಣಸಿನಕಾಯಿ, ಈರುಳ್ಳಿ, ನಿಂಬೆರಸ ಸೇರಿಸಿ ಕುಟ್ಟುವ ಪೋಲ್ ಸಂಬೋಲಕ್ಕೆ ಉಂಬಲಕಡ ಎಂಬ ಒಣಮೀನಿನ ಚೂರು ಹಾಕುವುದು ಅಲ್ಲಿ ವಾಡಿಕೆ. ಬೇಳೆಗೂ ತರಕಾರಿಗೂ ಹಾಕುವವರಿದ್ದಾರೆ. ಅವರಿಗೆ ಅದು ಒಗ್ಗರಣೆಯ ಸಾಮಾನಿನ ಹಾಗೆ, ಮೀನೂಟವೆಂಬ ಲೆಕ್ಕಕ್ಕೆ ಬರುವುದಿಲ್ಲ. ಆದ್ದರಿಂದ "ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಸಾಲದು. "ಮಸ್ ಎಪಾ, ಮಾಳು ಎಪಾ, ಉಂಬಲಕಡ ಎಪಾ" ಎನ್ನಬೇಕು: ಮಾಂಸ ಬೇಡ, ಮೀನು ಬೇಡ, ಒಣಮೀನೂ ಬೇಡ. ಈ ಮೂರು ಮಾತುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೆ. ಮೂರನೆಯದನ್ನು ಕೇಳಿದ ಕೂಡಲೇ ಬಡಿಸುವವರ ಮುಖ ಅರಳುತ್ತಿತ್ತು, ಇವಳಿಗೆ ಅಡುಗೆ ಗೊತ್ತು ಎಂಬಂತೆ. ಎಷ್ಟೋ ಕಡೆ ಒಳಗೆ ಕರೆದು ಮಡಕೆ ತೋರಿಸಿದ್ದು ಆ ಮಾತಿನಿಂದಲೇ.

ಹಳೆಯ ರಾಜಧಾನಿ ಪೊಲೊನ್ನರುವದಲ್ಲಿ ನಾನು ಉಳಿದ ಮನೆಯ ಒಡತಿ ಬೆಳಿಗ್ಗೆಯೇ ತುರಿಮಣೆ ಹಾಕಿ ಕೂರುತ್ತಿದ್ದರು. ತೆಂಗಿನ ತುರಿಯನ್ನು ಹಿಂಡಿ ಮೊದಲು ಬರುವ ಗಟ್ಟಿ ಹಾಲನ್ನು ಬೇರೆ ಇಡುತ್ತಾರೆ. ನೀರು ಹಾಕಿ ಮತ್ತೆ ಹಿಂಡಿದ ತೆಳು ಹಾಲಿನಲ್ಲಿ ತರಕಾರಿ ಬೇಯುತ್ತದೆ, ಗಟ್ಟಿ ಹಾಲು ಕೊನೆಯಲ್ಲಿ. ನಮ್ಮ ಕಡೆ ಪಲ್ಯಕ್ಕೆ ಮೈ ಕೊಡುವುದು ಶೇಂಗಾ ಪುಡಿ, ಗುರೆಳ್ಳು ಪುಡಿ. ಅಲ್ಲಿ ಆ ಕೆಲಸವೆಲ್ಲ ತೆಂಗಿನದು. ಮಸಾಲೆಯಲ್ಲೂ ಎರಡು ಬಗೆ. ಕೊತ್ತಂಬರಿ ಬೀಜ, ಜೀರಿಗೆ, ಬಡೇಸೋಪು ಹುರಿಯದೆ ಪುಡಿ ಮಾಡಿದ್ದು ಬೇಳೆಗೆ, ಸೌಮ್ಯ ತರಕಾರಿಗೆ. ಅವನ್ನೇ ಕಂದು ಬಣ್ಣ ಬರುವವರೆಗೆ ಹುರಿದು ಪುಡಿ ಮಾಡಿದ್ದು ಪೊಲೊಸ್‌ನಂಥ ಗಡುಸು ಪಲ್ಯಕ್ಕೆ. ಪೊಲೊಸ್ ಎಂದರೆ ಎಳೆ ಹಲಸಿನಕಾಯಿ. ರಂಪೆ ಎಂಬ ಪರಿಮಳದ ಎಲೆ, ಕರಿಬೇವು, ದಾಲ್ಚಿನ್ನಿ ಚಕ್ಕೆ ಹಾಕಿ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಟ್ಟ ಆ ಪಲ್ಯ ಬಾಯಿಗೆ ಬಿದ್ದಾಗ ಮಾತೇ ಹೊರಡಲಿಲ್ಲ. ಒಂದೆಲಗವನ್ನು ಹಸಿಯಾಗಿಯೇ ಸಣ್ಣಗೆ ಕೊಚ್ಚಿ ತೆಂಗಿನತುರಿ, ಈರುಳ್ಳಿ, ನಿಂಬೆ ಬೆರೆಸಿ ಕೊಡುತ್ತಾರೆ. ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಿಕಿ ಸೊಪ್ಪು ತಿಂದು ಬೆಳೆದ ನಾಲಿಗೆಗೆ ಅದು ಬಹಳ ಹಿಡಿಸಿತು. ಲುಣುಮಿರಿಸ್ ಎಂಬ ಕೆಂಪು ಚಟ್ನಿಯನ್ನು ಮೀನಿಲ್ಲದೆ ಕುಟ್ಟಿಸಿಕೊಂಡೆ. ನಮ್ಮ ರಂಜಕಕ್ಕಿಂತ ಖಾರ ಜೋರು. ಚೀಲದಲ್ಲಿದ್ದ ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನು ಒಡತಿಗೆ ಕೊಟ್ಟಾಗ ಅವರು ಬಣ್ಣ ನೋಡಿ ಹೆದರಿ ಚಿಟಿಕೆಯಷ್ಟೇ ಹಾಕಿದರು. ರುಚಿ ನೋಡಿದ ಮೇಲೆ ಚಮಚ ತುಂಬಾ ಸುರಿದರು.

ಸಂಜೆ ಎಮ್ಮೆಯ ಮೊಸರಿಗೆ ಕಿತುಲ್ ಪಾಕ. ಕಿತುಲ್ ನಮ್ಮ ಮಲೆನಾಡಿನ ಬೈನೆ ಮರವೇ, ಅದರ ರಸವನ್ನು ಕಾಯಿಸಿ ಇಳಿಸಿದ ಕಪ್ಪು ಪಾಕ ಅದು. ಗಟ್ಟಿ ಮೊಸರಿನ ಊರಿನಿಂದ ಹೋದವಳಾಗಿ ಹೇಳುತ್ತೇನೆ, ಆ ಮಡಕೆ ಮೊಸರು ನಮ್ಮದಕ್ಕೆ ಸಮ.

ಪೊಲೊನ್ನರುವದ ಬಗ್ಗೆ ಗದಗಿನವರಿಗೆ ಬೇರೆಯಾಗಿ ಹೇಳಬೇಕು. ಚೋಳರನ್ನು 1070ರಲ್ಲಿ ಅಲ್ಲಿಂದ ಓಡಿಸಿದ ದೊರೆ ಮೊದಲನೆಯ ವಿಜಯಬಾಹು. ಆತ ಕರ್ಣಾಟದ ದೊರೆಗೆ, ಎಂದರೆ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನಿಗೆ, ಕಾಣಿಕೆಗಳೊಂದಿಗೆ ದೂತರನ್ನು ಕಳಿಸಿದ. ದಾರಿಯಲ್ಲಿ ಚೋಳರು ಆ ದೂತರ ಕಿವಿ ಮೂಗು ಕೊಯ್ದರೆಂದು ಸಿಂಹಳದ ಚರಿತ್ರೆಯ ಗ್ರಂಥ ಚೂಳವಂಶ ಹೇಳುತ್ತದೆ. ಅದರ ಸೇಡಿಗೆ ಚೋಳರ ಮೇಲೆ ಯುದ್ಧಕ್ಕೆ ಹೊರಡಿ ಎಂದಾಗ ದೊರೆಯ ವೇಳೈಕ್ಕಾರ ಎಂಬ ತಮಿಳು ಕೂಲಿ ಪಡೆ ತಿರುಗಿಬಿದ್ದಿತು. ಲಕ್ಕುಂಡಿಯ ಗುಡಿಗಳ ನೆರಳಲ್ಲಿ ಆಡಿ ಬೆಳೆದ ನನಗೆ ಅದೇ ಚಾಲುಕ್ಯರ ಸ್ನೇಹವನ್ನು ಬಯಸಿದವನ ರಾಜಧಾನಿಯಲ್ಲಿ ನಿಂತಿದ್ದೇನೆ ಎಂಬುದು ಮೈ ಜುಮ್ಮೆನ್ನಿಸಿತು. ಕಲ್ಲುಗಳ ಗುಣವೇ ಬೇರೆ. ಲಕ್ಕುಂಡಿಯ ಮೆದು ಬಳಪದ ಕಲ್ಲಿನಲ್ಲಿ ಉಳಿ ಕೂದಲೆಳೆಯಷ್ಟು ಸೂಕ್ಷ್ಮಕ್ಕೆ ಇಳಿದಿದೆ. ದೊರೆ ಪರಾಕ್ರಮಬಾಹುವಿನ ಕಾಲದ ಗಲ್ ವಿಹಾರದಲ್ಲಿ ಗಡುಸು ಬಂಡೆಯೊಂದರಲ್ಲೇ ದೊಡ್ಡ ಬುದ್ಧರನ್ನು ಕಡೆದಿದ್ದಾರೆ, ಮಲಗಿದ ಬುದ್ಧನ ಉದ್ದ ಸುಮಾರು 14 ಮೀಟರ್. ಬಂಡೆಯ ಸಹಜ ಗೆರೆಗಳು ಮುಖದ ಮೇಲೆ ಹಾದುಹೋಗಿವೆ. ಅಲ್ಲಿ ಬುದ್ಧನಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವುದು ಅವಮಾನ. ಚಪ್ಪಲಿ, ಟೊಪ್ಪಿಗೆ ತೆಗೆಯಬೇಕು, ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರ ಧರಿಸುವವರಿಗೆ ಇದರ ಚಿಂತೆ ಇಲ್ಲ.

ಸಿಗಿರಿಯವನ್ನು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹತ್ತಿ, ಊಟಕ್ಕೆ ಇಳಿದುಬಂದೆ. ಐದನೆಯ ಶತಮಾನದ ದೊರೆ ಕಾಶ್ಯಪನ ಬಂಡೆಯ ಕೋಟೆ ಅದು. ಚಿತ್ರಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕನ್ನಡಿ ಗೋಡೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ನೋಡಲು ಬಂದವರು ಅದರ ಮೇಲೆ ಪದ್ಯ ಗೀಚಿ ಹೋಗಿದ್ದಾರೆ, ಬರೆದವರಲ್ಲಿ ಹೆಂಗಸರೂ ಇದ್ದಾರೆ.

ಒಬ್ಬರೇ ಹೋಗುವವರಿಗೆ ಖರ್ಚು ಹೆಚ್ಚು ಬೀಳುವುದು ಕಾಡಿನ ಜೀಪಿಗೆ. ಉಳಿದ ಮನೆಯವರಿಗೆ ಹಿಂದಿನ ದಿನವೇ ಹೇಳಿ ಮತ್ತೊಂದು ಕುಟುಂಬದ ಜೀಪಿನಲ್ಲಿ ಸೀಟು ಕೇಳಿದೆ, ಬಾಡಿಗೆ ಹಂಚಿಕೆಯಾಯಿತು. ಅಲ್ಲಿನ ಒಣ ತಿಂಗಳುಗಳಲ್ಲಿ ಮಿನ್ನೇರಿಯ ಕೆರೆಯ ನೀರು ಇಳಿದು ಅಂಗಳದಲ್ಲಿ ಹಸಿರು ಹುಲ್ಲು ಚಿಗುರುತ್ತದೆ. ಜುಲೈಯಿಂದ ಸೆಪ್ಟೆಂಬರ್ ಸುಮಾರಿಗೆ ಅದನ್ನು ಮೇಯಲು ಆನೆಗಳು ದೊಡ್ಡ ಸಂಖ್ಯೆಯಲ್ಲಿ ಸೇರುತ್ತವೆ. ಮರಿಗಳನ್ನು ನಡುವೆ ಬಿಟ್ಟುಕೊಂಡು ತಾಯಂದಿರು ಮೇಯುವುದನ್ನು ಸಂಜೆಯವರೆಗೂ ನೋಡಿದೆ. ಆ ಕೆರೆ ಪ್ರಾಚೀನ ದೊರೆ ಮಹಾಸೇನ ಕಟ್ಟಿಸಿದ್ದು. ಎರೆಭೂಮಿಯಲ್ಲಿ ಮಳೆಗೆ ಕಾದು ಕೂರುವ ನಮ್ಮಂಥವರಿಗೆ ಅಲ್ಲಿನ ಕೆರೆಗಳ ಸರಣಿ ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ.

ಕ್ಯಾಂಡಿಯಲ್ಲಿ ಹುಣ್ಣಿಮೆ ಬಿತ್ತು. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ, ದೇಶಕ್ಕೆಲ್ಲ ರಜೆ, ಮದ್ಯ ಮಾರುವುದಿಲ್ಲ. ಬಸ್ಸುಗಳು ತುಂಬಿರುತ್ತವೆ, ಆ ದಿನ ಊರು ಬದಲಿಸಬೇಡಿ. ದಳದಾ ಮಾಳಿಗಾವದಲ್ಲಿ ಬಿಳಿ ಬಟ್ಟೆ ಉಟ್ಟವರ ನಡುವೆ ತಾವರೆ ಹಿಡಿದು ಸರದಿಯಲ್ಲಿ ನಿಂತೆ. ಬುದ್ಧನ ದಂತಧಾತು ಇರುವ ಮಂದಿರ ಅದು. ಪೂಜೆಯ ವೇಳೆ ನುಡಿಸುವ ಮದ್ದಲೆಗಳ ಸದ್ದು ಎದೆಗೆ ಬಡಿಯುತ್ತದೆ.

ಕ್ಯಾಂಡಿಯಿಂದ ಹಪುತಲೆಗೆ ರೈಲು. ಕಾಯ್ದಿರಿಸಿದ ಸೀಟುಗಳು ಬೇಗ ಮುಗಿಯುತ್ತವೆ, ಕಾಯ್ದಿರಿಸದ ಎರಡನೆಯ, ಮೂರನೆಯ ದರ್ಜೆಯ ಟಿಕೆಟ್ ನಿಲ್ದಾಣದಲ್ಲಿ ಅದೇ ದಿನ ಸಿಗುತ್ತದೆ. ನಾನು ಮೂರನೆಯ ದರ್ಜೆಯಲ್ಲೇ ಹೋದೆ. ಶಾಲೆ ಮಕ್ಕಳ ಹಳೆಯ ನೋಟ್‌ಬುಕ್ ಹಾಳೆಯ ಪೊಟ್ಟಣದಲ್ಲಿ ಬೇಳೆ ವಡೆ ಮಾರುತ್ತಾರೆ, ಸಿಗಡಿ ಅಂಟಿಸಿದ ವಡೆಯೂ ಅದೇ ಬುಟ್ಟಿಯಲ್ಲಿರುತ್ತದೆ, ನೋಡಿ ಕೊಳ್ಳಿ. ಗುಡ್ಡದ ತುಂಬ ಚಹಾ. ಮೊದಲು ಇಲ್ಲಿದ್ದದ್ದು ಕಾಫಿ, ಎಲೆಯ ತುಕ್ಕು ರೋಗ ಅದನ್ನು ಅಳಿಸಿತು. ಜೇಮ್ಸ್ ಟೇಲರ್ ಎಂಬಾತ 1867ರಲ್ಲಿ ಕ್ಯಾಂಡಿ ಸಮೀಪದ ಲೂಲ್‌ಕಂಡುರದಲ್ಲಿ ಚಹಾ ತೋಟ ಮಾಡಿದ. ಕೊಯ್ಯುವ ಹೆಂಗಸರಲ್ಲಿ ಹೆಚ್ಚಿನವರು ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಕರೆದೊಯ್ದವರ ಮೊಮ್ಮಕ್ಕಳು. ಫೋಟೊಗಳ ಹಸಿರಿನಲ್ಲಿ ಅವರ ಸಾಲುಮನೆಗಳು ಕಾಣುವುದಿಲ್ಲ. ರೈಲಿನ ಕಿಟಕಿಯಿಂದ ಕಾಣುತ್ತವೆ, ನೋಡಬೇಕು. ಸುಮಾರು 1,890 ಮೀಟರ್ ಎತ್ತರದ ಪಟ್ಟಿಪೊಲ ನಿಲ್ದಾಣದವರೆಗೆ ಮಂಜು, ಜಿನುಗು ಮಳೆ. ಮುಂದಿನ ಸುರಂಗ ದಾಟಿದರೆ ಬಿಸಿಲು. ನೈಋತ್ಯ ಮಾರುತ ಪಶ್ಚಿಮದ ಇಳಿಜಾರಿನಲ್ಲೇ ಮಳೆ ಸುರಿಸಿ ಬರುತ್ತದೆ, ದಾಂಡೇಲಿಯಲ್ಲಿ ಸುರಿದು ಗದಗಿಗೆ ಬರಿಗೈಯಲ್ಲಿ ಬರುವ ಹಾಗೆ.

ದ್ವೀಪಕ್ಕೆ ಎರಡು ಮಳೆಗಾಲಗಳಿರುವುದರಿಂದ ತಿಂಗಳು ನೋಡಿ ದಿಕ್ಕು ಆರಿಸಿಕೊಳ್ಳಬೇಕು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಗಾಲೆಯ ಕಡಲತೀರ ಬಿಟ್ಟು ಉತ್ತರ, ಪೂರ್ವ ಮತ್ತು ನಡುವಿನ ಒಣನಾಡು ಹಿಡಿಯಿರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ದಕ್ಷಿಣ, ಪಶ್ಚಿಮ ಚೆನ್ನ. ನಾನು ಉತ್ತರದ ಜಾಫ್ನಾ ಉಳಿಸಿಕೊಂಡು ಬಂದಿದ್ದೇನೆ. ಅಲ್ಲಿನ ತಾಳೆ ಮರದ ಬೆಲ್ಲ, ತಾಳೆ ಗೆಡ್ಡೆಯ ಹಿಟ್ಟಿನ ಅಡುಗೆ ಕಲಿಯಬೇಕು. ನಲ್ಲೂರು ಕಂದಸ್ವಾಮಿಯ ಜಾತ್ರೆ ಜುಲೈ, ಆಗಸ್ಟ್ ಸುಮಾರಿಗೆ ಬರುತ್ತದೆ. ಆದರೆ ಅದು ಶುರುವಾಗುವುದೇ ಶ್ರಾವಣದಲ್ಲಿ. ಶ್ರಾವಣ ಹಿಡಿದರೆ ಖಾನಾವಳಿ ಬಿಟ್ಟು ಹೋಗಲಾಗದು.